ಚಂದ್ರಿಕೆಯ ಹಿಂದಿನ ಮಗ

ನಡುರಾತ್ರಿ ಎಲ್ಲೋ ಕರಕರ ಎಂದಿತು. ಅನಂತರಾಜು ನಿದ್ದೆಗಣ್ಣಲ್ಲೇ ತೃಪ್ತಿಯಿಂದ ಮಗ್ಗುಲು ಬದಲಿಸಿದ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಕಳೆದು ಎದ್ದ ರೇಷ್ಮೆಹುಳು ಸೊಪ್ಪಿಗೆ ಬಾಯಿ ಹಾಕಿದರೆ ಹೊಂಗನೂರಿನ ಮನೆಗಳಲ್ಲಿ ಕೇಳುವ ಸದ್ದೇ ಅದು. ಚಿಕ್ಕಂದಿನಿಂದ ಅವನಿಗೆ ಅದೇ ಜೋಗುಳ. 'ಚೆನ್ನಾಗಿ ತಿನ್ರವ್ವ' ಎಂದು ಹರಸಿ ಮತ್ತೆ ಗೊರಕೆ ಹೊಡೆದ.

ಬೆಳಿಗ್ಗೆ ನೋಡಿದರೆ ತಿಂದಿದ್ದು ಇಲಿ. ತಿಂದಿದ್ದು ಅವನ ದತ್ತುಪತ್ರವನ್ನು.

"ಏನಂದ್ರೆ, ಒಸಿ ಬನ್ನಿ ಇಲ್ಲಿ!" ಹೆಂಡತಿ ಪ್ರತಿಮಾ ತಗಡಿನ ಪೆಟ್ಟಿಗೆಯ ಮುಂದೆ ಕುಕ್ಕರಿಸಿದ್ದಳು. ಪತ್ರ ಒಣಶಾವಿಗೆಯಂತೆ ಉದುರಿತ್ತು. ಗುರುತಿಗೆ ಸಿಗುವಂತೆ ಉಳಿದಿದ್ದು 'ಸ್ವಸಂತೋಷದಿಂದ' ಎಂಬ ಒಂದೇ ಪದ.

ನಲವತ್ತೆರಡು ವರ್ಷದ ಹಿಂದಿನ ಪತ್ರ ಅದು. ಬೋರಲಿಂಗಯ್ಯ, ಕಾವೇರಮ್ಮ ದಂಪತಿಗೆ ಮಕ್ಕಳಿರಲಿಲ್ಲ. ಬೋರಲಿಂಗಯ್ಯನ ತಮ್ಮ ತನ್ನ ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವನನ್ನು, ಐದು ವರ್ಷದ ಅನಂತರಾಜುವನ್ನು, ಅಣ್ಣನಿಗೆ ದತ್ತು ಕೊಟ್ಟಿದ್ದ. ಪತ್ರ ನೋಂದಣಿಯಾಗಿರಲಿಲ್ಲ. ಸಾಲದ್ದಕ್ಕೆ ಶಾಲೆಯ ಮೇಷ್ಟ್ರು ಹೆತ್ತಪ್ಪನ ಹೆಸರನ್ನೇ ಬರೆದುಕೊಂಡಿದ್ದರು. ಆ ಹೆಸರು ಬಾಲದಂತೆ ಆಧಾರ್ ಕಾರ್ಡಿನವರೆಗೂ ಹಿಂಬಾಲಿಸಿತ್ತು. ಈಗ ಹಿರಿಯರು ಯಾರೂ ಇಲ್ಲ. ಮನೆ, ತೋಟ ಇನ್ನೂ ಬೋರಲಿಂಗಯ್ಯನ ಹೆಸರಲ್ಲೇ ಇವೆ. ಖಾತೆ ಬದಲಾವಣೆಗೆ ನಾಳೆಯೇ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ದತ್ತು ಸಾಬೀತಾಗದಿದ್ದರೆ ಆಸ್ತಿ ಹಂಚಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನು ಕಾವೇರಮ್ಮನಿಗೆ ಮಗನಾಗಿ ಉಳಿಯುವುದಿಲ್ಲ, ಬರೀ ಮೈದುನನ ಮಗನಾಗುತ್ತಾನೆ.

ಪ್ರತಿಮಾಳ ಕೂಗಿಗೆ ಬೀದಿಯೇ ನೆರೆಯಿತು.

"ಅಳ್ಬ್ಯಾಡ ಕಣವ್ವ, ನಾನೇ ಸಾಕ್ಷಿ ಹೇಳ್ತೀನಿ," ಎಂದಳು ಪಕ್ಕದ ಮನೆಯ ಲತಾಮಣಿ. "ಅವತ್ತು ಎಂಥಾ ಮಳೆ! ಚಪ್ಪರವೇ ಕೊಚ್ಕಂಡೋಯ್ತು."

"ಯಾವ ಮಳೆ ಅಕ್ಕ? ಬಿಸ್ಲಿಗೆ ಪುರೋಹಿತ್ರು ತಲೆಸುತ್ತಿ ಬಿದ್ರು. ನಾನೇ ನೀರು ಚುಮುಕ್ಸಿದ್ದು," ಎಂದ ಎದುರುಮನೆಯ ಮುನೇಶ.

"ಮುನೇಶ, ನಿಂಗೀಗ ಎಷ್ಟ್ ವರ್ಷ?" ಅನಂತರಾಜು ಕೇಳಿದ.

"ಮೂವತ್ತೆಂಟು ತುಂಬ್ತು."

"ದತ್ತು ಆಗಿ ನಲವತ್ತೆರಡು."

"ಇರ್ಲಿ ಬುಡಣ್ಣ, ಸಾಯೇಬ್ರು ಅಷ್ಟೆಲ್ಲ ಕೂಡಿ ಕಳೀತಾರಾ?"

ಅಷ್ಟರಲ್ಲಿ ಅನಂತರಾಜುವಿನ ಒಡಹುಟ್ಟಿದ ಅಣ್ಣ ಲೋಕೇಶ ತನ್ನ ಹಳೆಯ ಟಿವಿಎಸ್ ಗಾಡಿಯಲ್ಲಿ ಬಂದಿಳಿದ. ತಮ್ಮನ ಮೇಲೆ ಪ್ರಾಣ ಇಟ್ಟವನು. ಉಪಕಾರ ಮಾಡುವುದೆಂದರೆ ಮದುವೆಮನೆಯಲ್ಲಿ ಬಡಿಸಲು ನಿಂತವನಂತೆ, ಬೇಡವೆಂದರೂ ಬಿಡುವವನಲ್ಲ. "ಹತ್ಲಾ ಗಾಡಿ. ವಕೀಲ್ರತ್ರ ಹೋಗವ."

ಚನ್ನಪಟ್ಟಣದ ವಕೀಲೆ ಶ್ರುತಿ ಪತ್ರದ ಚೂರುಗಳನ್ನು ಪ್ರಸಾದದಂತೆ ಅಂಗೈಯಲ್ಲಿಟ್ಟು ನೋಡಿದರು.

"ಗಾಬರಿ ಆಗ್ಬೇಡಿ. ದತ್ತು ನಿಂತಿರೋದು ಕಾಗದದ ಮೇಲಲ್ಲ. ಹೋಮ ಆಗಿರಲೇಬೇಕು ಅಂತಾನೂ ಇಲ್ಲ. ಹೆತ್ತವರು ಕೈಯಾರೆ ಕೊಟ್ಟು, ಸಾಕೋರು ಕೈಯಾರೆ ತಗೊಂಡಿರ್ಬೇಕು. ಯಾವ ಮಗುನ ತೊಡೆ ಮೇಲೆ ಕೂರಿಸಿದ್ರೋ ಆ ಮಗುನೇ ಮಗ. ಅದನ್ನ ಕಣ್ಣಾರೆ ಕಂಡೋರು ಯಾರಾದ್ರೂ ಇದಾರಾ?"

"ನಾನೇ ಇದ್ನಲ್ಲ ಮೇಡಂ!" ಲೋಕೇಶ ಎದ್ದೇ ನಿಂತ. "ಅವತ್ತು ಏನಾಯ್ತು ಅಂದ್ರೆ..."

"ನೀವು ಒಡಹುಟ್ಟಿದೋರು. ಮೊದ್ಲು ಹೊರಗಿನೋರನ್ನ ಹುಡುಕಿ. ಯಾರೂ ಸಿಗದಿದ್ರೆ ನೀವೇ ಹೇಳೋರಂತೆ."

ಲೋಕೇಶ ಹೇಳಬೇಕಿದ್ದ ಮಾತನ್ನು ಬಿಸಿ ಮುದ್ದೆಯಂತೆ ನುಂಗಿಕೊಂಡು ಕುಳಿತ.

ಹುಡುಕಾಟ ಶುರುವಾಯಿತು. ಪುರೋಹಿತರು ತೀರಿಕೊಂಡು ಹತ್ತು ವರ್ಷ. ಪತ್ರ ಬರೆದವರೂ ಇಲ್ಲ. ವಾಲಗದವನು ಬದುಕಿದ್ದ, ಆದರೆ ಊದುವಾಗ ಕಣ್ಣು ಮುಚ್ಚಿಕೊಳ್ಳುವುದು ಅವನ ಅಭ್ಯಾಸ. "ನಾನು ಊದಕ್ಕಿಂತ ಮುಂಚೆ ಎಲೆ ಹಾಕಿದ್ದು ನೋಡಿದ್ದೀನಿ, ಆಮೇಲೆ ಎಲೆ ಎತ್ತಿದ್ದು ನೋಡಿದ್ದೀನಿ. ಮಧ್ಯದ್ದು ನಂಗೊತ್ತಿಲ್ಲ ಸ್ವಾಮಿ," ಎಂದ.

ಗಾಡಿಯ ಹಿಂದೆ ಕುಳಿತ ಅನಂತರಾಜುವಿಗೆ ಆ ದಿನದ್ದು ಒಂದೇ ಒಂದು ನೆನಪಿತ್ತು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಮುಖದ ಮುಂದೆ ಹಸಿರು ಬಳೆಯ ಒಂದು ಕೈ. ಬಾಯಿಗೆ ಬಿದ್ದ ಸಕ್ಕರೆ. "ಇನ್ಮೇಕೆ ನಾನೇ ಕಣೋ ನಿಂಗೆ ಅವ್ವ" ಎಂಬ ಮಾತು. ಆ ಸಕ್ಕರೆಯ ರುಚಿ ಈ ವಯಸ್ಸಿನಲ್ಲೂ ನಾಲಿಗೆಯ ಯಾವುದೋ ಮೂಲೆಯಲ್ಲಿತ್ತು.

"ಅಣ್ಣಯ್ಯ, ಅವತ್ತು ಫೋಟೋ ತೆಗ್ದಿದ್ರು ಅಂತ ಅವ್ವ ಅಂತಿದ್ಲು ಅಲ್ವಾ?"

"ಹೌದು ಕಣ್ಲಾ, ಸಮೀವುಲ್ಲಾ ಸಾಬ್ರು!"

ಪೇಟೆಯ ಹಳೇ ಸ್ಟುಡಿಯೋ ಈಗ ಮೊಬೈಲ್ ಅಂಗಡಿಯಾಗಿತ್ತು. ಮಗ ಆಫ್ತಾಬ್ ಮುಂದೆ ಫೋನುಗಳಿಗೆ ಗಾಜು ಅಂಟಿಸುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಎಂಬತ್ತು ದಾಟಿದ ಸಮೀವುಲ್ಲಾ ಬಿಸ್ಕತ್ತು ಡಬ್ಬಗಳಲ್ಲಿ ಇಡೀ ತಾಲ್ಲೂಕಿನ ಮದುವೆ, ನಾಮಕರಣಗಳನ್ನು ಕಾಯುತ್ತ ಕುಳಿತಿದ್ದರು. ಲೋಕೇಶ ಪೆಟ್ರೋಲ್ ಹಾಕಿಸಲು ಹೋದ. ಅನಂತರಾಜು ಒಬ್ಬನೇ ಒಳಗೆ ಹೋದ.

"ಬೋರಲಿಂಗಯ್ಯನೋರ ಮನೇದಾ? ಐತೆ ಐತೆ." ನಾಲ್ಕನೇ ಡಬ್ಬದಲ್ಲಿ ಫೋಟೋ ಸಿಕ್ಕೇಬಿಟ್ಟಿತು.

ಅನಂತರಾಜು ಅದನ್ನು ಕಣ್ಣಿಗೊತ್ತಿಕೊಂಡು ನೋಡಿದ. ರುಮಾಲು ಸುತ್ತಿದ ಅಪ್ಪ. ಪಕ್ಕದಲ್ಲಿ ಅವ್ವ. ಅಪ್ಪನ ತೊಡೆಯ ಮೇಲೆ ಹಾರ ಹಾಕಿಕೊಂಡ ಹುಡುಗ, ಎಡಹುಬ್ಬಿನಲ್ಲಿ ಸೀಳಿದ ಗಾಯದ ಗುರುತು.

ಅನಂತರಾಜು ತನ್ನ ಹುಬ್ಬು ಮುಟ್ಟಿಕೊಂಡ. ನುಣ್ಣಗಿತ್ತು. ಸೀಳಿದ ಹುಬ್ಬನ್ನು ಅವನು ಬೆಳಿಗ್ಗೆಯಿಂದ ಗಾಡಿಯ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

"ಸಾಬ್ರೇ... ಇದು ಲೋಕೇಶಣ್ಣ."

"ಅವ್ರೇ ತಾನೇ! ನೀವು ಹಠ ಮಾಡಿ ಎಲ್ಲೋ ಅವಿತ್ಕಂಡ್ರಿ. ಮುಹೂರ್ತ ಮೀರ್ತದೆ ಅಂತ ಪುರೋಹಿತ್ರು ಗಲಾಟೆ. 'ಸದ್ಯಕ್ಕೆ ದೊಡ್ಡವ್ನನ್ನೇ ಕೂರ್ಸಿ, ಒಂದೇ ರಕ್ತ ಅಲ್ವಾ' ಅಂದ್ರು. ನಿಮ್ಮಪ್ಪ ಎತ್ತಿ ಕೊಟ್ರು, ಬೋರಲಿಂಗಯ್ಯನೋರು ತಗಂಡ್ರು. ಎಲ್ಲಾ ಶಾಸ್ತ್ರೋಕ್ತ."

ತೊಡೆಯ ಮೇಲೆ ಕೂರಿಸಿದ ಮಗುವೇ ಮಗ ಎಂದಿದ್ದರಲ್ಲ ವಕೀಲೆ. ಹುಡುಕಿ ಹುಡುಕಿ ತಂದ ಸಾಕ್ಷಿ ಮನೆಯನ್ನೂ ತೋಟವನ್ನೂ ಎತ್ತಿ ಅಣ್ಣನ ತೊಡೆಯ ಮೇಲಿಟ್ಟಿತ್ತು!

"ಆಮೇಲೆ?"

"ಆಮೇಲೆ ಕಾವೇರಮ್ನೋರು ಎದ್ದೋಗಿ, ಹುಳ ಗೂಡು ಕಟ್ಟೋ ಚಂದ್ರಿಕೆ ಹಿಂದಿಂದ ನಿಮ್ಮನ್ನ ಎತ್ಕಂಡು ಬಂದ್ರು. ಬಾಯ್ತುಂಬ ಸಕ್ಕರೆ ನಿಮ್ಗೆ. ಅದ್ನ ತೆಗೀಬೇಕಿತ್ತು. ರೀಲು ಮುಗ್ದೋಗಿತ್ತು."

"ನಾಳೆ ಬಂದು ಅದೊಂದ್ನೇ ಹೇಳಕಾಯ್ತದಾ?"

"ಕರೆದ್ರೆ ಬತ್ತೀನಿ. ಹೇಳಿದ್ರೆ ಎರಡೂ ಹೇಳ್ಬೇಕಾಯ್ತದಪ್ಪ. ನಮಾಜ್ ಮಾಡೋ ಬಾಯಿ ಇದು."

ಫೋಟೋವನ್ನು ಅಂಗಿಯ ಒಳಗೆ ಸೇರಿಸಿಕೊಂಡು ಅನಂತರಾಜು ಹೊರಗೆ ಬಂದ.

"ಸಿಕ್ತೇನ್ಲಾ?"

"ಇಲ್ಲ ಅಣ್ಣಯ್ಯ. ಹಾಳಾಗೋಗೈತಂತೆ."

"ಹಾಳಾಗೋಗ್ಲಿ ಬುಡು! ಹೊರಗಿನೋರು ಸಿಗದಿದ್ರೆ ನಾನೇ ಹೇಳ್ಬೋದು ಅಂದವ್ರಲ್ಲ ಮೇಡಮ್ಮು." ಲೋಕೇಶನ ಮುಖ ಗೌರಿಹಬ್ಬದ ಹೋಳಿಗೆಯಂತೆ ಅರಳಿತು. "ನಂಗೆ ಎಲ್ಲಾ ನೆನಪೈತೆ. ನೀನು ಚಂದ್ರಿಕೆ ಹಿಂದೆ ಅವಿತ್ಕಂಡಿದ್ದೆ. ನಿನ್ ಬದ್ಲು ನನ್ನ ದೊಡ್ಡಪ್ಪನ ತೊಡೆ ಮ್ಯಾಲೆ ಕೂರ್ಸಿ ಶಾಸ್ತ್ರ ಮುಗಿಸ್ಬುಟ್ರು! ನಾಳೆ ಸಾಯೇಬ್ರ ಮುಂದೆ ಅದ್ನೇ ಹೇಳ್ತೀನಿ. ಇಂಥದ್ನ ಯಾರಾದ್ರೂ ಕಟ್ಟಿ ಹೇಳಕಾಯ್ತದಾ? ನಿಜ ಅಂತ ತಕ್ಷಣ ನಂಬ್ತಾರೆ!"

"ಅಣ್ಣಯ್ಯ, ಅದು ಬ್ಯಾಡ..."

"ಸುಮ್ಕಿರ್ಲಾ. ತಮ್ಮಂಗೆ ಇಷ್ಟೂ ಮಾಡ್ದಿದ್ರೆ ಅಣ್ಣ ಯಾಕಿರ್ಬೇಕು?"

ಯಾಕೆ ಬೇಡ ಎಂದು ಹೇಳಿದರೆ ಅಣ್ಣನಿಗೆ ಕಾನೂನು ತಿಳಿಯುತ್ತದೆ. ಹೇಳದಿದ್ದರೆ ಕಾನೂನಿಗೆ ಅಣ್ಣ ತಿಳಿಸುತ್ತಾನೆ.

ಆ ರಾತ್ರಿ ಲೋಕೇಶ ನಾಳೆಗೆಂದು ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿಟ್ಟ ಸುದ್ದಿ ಬಂತು. ಪ್ರತಿಮಾ ಮಲಗಿದ ಮೇಲೆ ಅನಂತರಾಜು ಫೋಟೋವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟ. ಅದರ ಮೇಲೊಂದು ಕೊಬ್ಬರಿ ಚೂರಿಟ್ಟ. ಮುಚ್ಚಳವನ್ನು ಎರಡು ಬೆರಳಷ್ಟು ತೆರೆದುಬಿಟ್ಟು ಮಲಗಿದ. ಒಮ್ಮೆ ಬಂದ ಇಲಿ ಇನ್ನೊಮ್ಮೆ ಬಾರದೇ ಇರುವುದೇ?

ಬಂತು. ಕರ್ ಎಂದಿತು.

ಅನಂತರಾಜು ಬೆಂಕಿ ತಗುಲಿದವನಂತೆ ಎದ್ದೋಡಿ ಫೋಟೋ ಕಿತ್ತುಕೊಂಡ. ಒಂದು ಮೂಲೆ ಮಾತ್ರ ಹೋಗಿತ್ತು. ಲೋಕೇಶನ ಹುಬ್ಬು ಹಾಗೇ ಇತ್ತು. ಮೊಬೈಲಿನ ಬೆಳಕಲ್ಲಿ, ಹಗಲು ಗಾಬರಿಯಲ್ಲಿ ಕಾಣದೇ ಹೋಗಿದ್ದು ಈಗ ಕಂಡಿತು. ಅಪ್ಪ ಕ್ಯಾಮೆರಾ ನೋಡುತ್ತಿದ್ದಾನೆ, ತೊಡೆಯ ಮೇಲಿನ ಹುಡುಗ ಕ್ಯಾಮೆರಾ ನೋಡುತ್ತಿದ್ದಾನೆ. ಅವ್ವ ಮಾತ್ರ ಕತ್ತು ಹೊರಳಿಸಿ ಪಕ್ಕಕ್ಕೆ, ಗೋಡೆಗೊರಗಿಸಿದ ಚಂದ್ರಿಕೆಯ ಕಡೆ, ನೋಡುತ್ತಿದ್ದಾಳೆ. ಹಸಿರು ಬಳೆಯ ಅವಳ ಮುಷ್ಟಿ ಬಿಗಿಯಾಗಿ ಮುಚ್ಚಿದೆ; ಒಳಗೆ ಸಕ್ಕರೆ ಇರಬೇಕು.

"ಏನದು ಸದ್ದು?" ಪ್ರತಿಮಾ ನಿದ್ದೆಯಲ್ಲೇ ಕೇಳಿದಳು.

"ಹುಳ ಸೊಪ್ಪು ತಿಂತಾವೆ. ಮಲಿಕೋ."

ಫೋಟೋವನ್ನು ದಿಂಬಿನ ಕೆಳಗೆ ತಳ್ಳಿದ. ನಾಳೆ ಅಣ್ಣ ಏನಾದರೂ ಹೇಳಿಕೊಳ್ಳಲಿ, ಅವ್ವ ಕಾಯುತ್ತಿದ್ದುದು ಯಾರಿಗೆಂದು ತನಗೆ ಗೊತ್ತಾಯಿತು. ತಾನು ಮಾತ್ರ ಈ ಫೋಟೋದ ವಿಷಯ ವಕೀಲರಿಗಾಗಲಿ, ಹೆಂಡತಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ ಕಣ್ಣು ಮುಚ್ಚಿದ.