ಹಿಂದಿನ ಬೆಂಚಿನ ಮಾವ

ನಮ್ಮ ಸೋದರಮಾವನಷ್ಟು ದಡ್ಡ ಮನುಷ್ಯ ಚನ್ನಗಿರಿಯಿಂದ ಜಗಳೂರಿನ ತನಕ ಹುಡುಕಿದರೂ ಸಿಗುತ್ತಿರಲಿಲ್ಲ. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ತ್ರಿಕೋನಕ್ಕೆ ಮೂರೇ ಮೂಲೆ ಯಾಕೆ, ಇನ್ನೊಂದು ಇದ್ದರೆ ಯಾರಿಗೇನು ನಷ್ಟ ಎಂದು ಕೇಳುತ್ತಿದ್ದರು. ಇಂಥವರ ಕಸುಬು ಏನಿತ್ತು ಅಂತೀರಿ? ಮಿಡ್ಲ್ ಸ್ಕೂಲು, ಹೈಸ್ಕೂಲುಗಳಿಗೆ ಗಣಿತದ ಮೇಷ್ಟ್ರಾಗಿ ಹೋಗುವವರಿಗೆ ಪಾಠ ಹೇಳುವುದನ್ನು ಕಲಿಸುವ ಮೇಷ್ಟ್ರು!

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಚನ್ನಗಿರಿಯಲ್ಲಿ ಆಗ ಒಂದು ಟ್ರೈನಿಂಗ್ ತರಗತಿ ನಡೆಯುತ್ತಿತ್ತು. ಸುತ್ತಲ ಹಳ್ಳಿಗಳಿಂದ ಬಂದ ನಮ್ಮಂಥ ಮೀಸೆ ಮೂಡಿದವರು ವರ್ಷವಿಡೀ ಕಲಿತು, ಕೊನೆಗೆ ಪಕ್ಕದ ಸ್ಕೂಲಿನ ನಿಜವಾದ ಮಕ್ಕಳ ಮುಂದೆ ಒಂದು ಪರೀಕ್ಷಾ ಪಾಠ ಮಾಡಿ ತೋರಿಸಬೇಕು. ಪಾಸಾದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ನೌಕರಿ. ಉಳಿದ ಪರೀಕ್ಷಕರು ಕುರ್ಚಿ ಹಾಕಿಸಿಕೊಂಡು ಗತ್ತಿನಿಂದ ಕೂತು ತಪ್ಪು ಹುಡುಕುತ್ತಿದ್ದರು. ನಮ್ಮ ಮಾವ ಮಾತ್ರ ರುಮಾಲು, ಕ್ಲೋಸ್ ಕೋಟಿನ ಸಮೇತ ಹೋಗಿ ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ತೂರಿಕೊಳ್ಳುತ್ತಿದ್ದರು. ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಸದೆ ಹೊರಗೆ ಚಾಚಿರುತ್ತಿತ್ತು. ಕೂತ ಮೇಲೆ ಅವರು ಮೇಷ್ಟ್ರಲ್ಲ, ಆ ತರಗತಿಯ ಎಲ್ಲರಿಗಿಂತ ದಡ್ಡ ಹುಡುಗ. ಆ ಹುಡುಗನಿಗೆ ತಿಳಿದರೆ ನೀವು ಪಾಸು.

ಬಿಳಿಚೋಡಿನ ಕಡೆಯವನೊಬ್ಬ ಬೀಜಗಣಿತ ಶುರು ಮಾಡಿದ. "ಬುಟ್ಟಿಯಾಗಿರೋ ಮಾವಿನಹಣ್ಣು ಎಕ್ಸ್ ಅಂತ ಇಟ್ಕಳ್ರಿ."

ಮಾವ ಕೈಯೆತ್ತಿದರು. "ಎಕ್ಸ್ ಅಂದ್ರೆ ಎಷ್ಟು ಸಾ?"

"ಅದು ಗೊತ್ತಿಲ್ಲ."

"ಎಣಿಸಾಕೆ ಬರಲ್ವಾ ಸಾ?"

"ಬುಟ್ಟಿ ಮುಚ್ಚೈತೆ."

"ತೆಗೀರಿ ಸಾ."

ಪಾಪ, ಬೆವರಿಳಿಯುತ್ತಿದ್ದ ಅವನು "ಬುಟ್ಟಿ ಮನ್ಯಾಗೈತೆ" ಅಂದುಬಿಟ್ಟ. "ಹಂಗಾದ್ರೆ ತರ್ತೀನಿ ಸಾ" ಎಂದು ಮಾವ ಎದ್ದು ಹೊರಟೇಬಿಟ್ಟರು. ಅವರ ಹಿಂದೆ ಇಡೀ ತರಗತಿ ಹೊರಟಿತು. ಬೋರ್ಡಿನ ಹತ್ತಿರ ಅವನೊಬ್ಬನೇ, ಎಕ್ಸ್ ಜೊತೆಗೆ. ಆ ವರ್ಷ ಅವನು ಫೇಲು.

ಒಮ್ಮೆ ಹೊಸ ಇನ್ಸ್‌ಪೆಕ್ಟರು ಪಾಠದ ನಡುವೆಯೇ ಬೂಟು ಸದ್ದು ಮಾಡುತ್ತ ಒಳಗೆ ಬಂದರು. "ಇಲ್ಲಿಯ ಟ್ರೈನಿಂಗ್ ಮೇಷ್ಟ್ರು ಎಲ್ಲಿ?" ಹಿಂದಿನ ಬೆಂಚಿನಿಂದ ಮಾವ ಕೈಕಟ್ಟಿಕೊಂಡು ಎದ್ದು ನಿಂತರು. "ಗೊತ್ತಿಲ್ಲ ಸಾ. ಪಾಠ ನಡೀತೈತೆ, ಕುತ್ಕಳ್ರಿ." ಹೇಳಿದ್ದಷ್ಟೇ ಅಲ್ಲ, ಸರಿದು ಬೆಂಚಿನಲ್ಲಿ ಜಾಗವನ್ನೂ ಬಿಟ್ಟರು! ಇನ್ಸ್‌ಪೆಕ್ಟರು ಕೂರುತ್ತಾರೆಯೇ? ಮುಂದಿನ ವರ್ಷ ಮಾವನಿಗೆ ಸಿಗಬೇಕಿದ್ದ ಹೆಡ್‌ಮಾಸ್ಟರ್ ಹುದ್ದೆ, ಆ ಇನ್ಸ್‌ಪೆಕ್ಟರ ಹಾಸಿಗೆಯ ಸುರುಳಿಯನ್ನು ಪ್ರವಾಸಿ ಬಂಗಲೆಗೆ ಹೊತ್ತು ಹಾಕಿದ್ದ ಒಬ್ಬ ಮಹಾಶಯರಿಗೆ ಹೋಯಿತು. ಆ ಮಹಾಶಯರಿಗೆ ತ್ರೈರಾಶಿಯ ಸಣ್ಣ ಲೆಕ್ಕವೂ ಬರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಕುರ್ಚಿ ಹಾಕುವವನಿಗೆ ಕುರ್ಚಿ ಸಿಗುತ್ತದೆ, ಬೆಂಚಿನಲ್ಲಿ ಜಾಗ ಬಿಡುವವನಿಗೆ ಬೆಂಚೇ ಗತಿ. ಮಾವನಿಗೆ ಇದರ ಖಬರೇ ಇರಲಿಲ್ಲ.

ಇದನ್ನೆಲ್ಲ ನೋಡಿ ನಕ್ಕವರಲ್ಲಿ ನಾನೂ ಒಬ್ಬ. ನನ್ನ ಸರದಿ ಬರುವ ತನಕ ನಕ್ಕೆ.

ಅಪ್ಪ ತೀರಿಕೊಂಡಿದ್ದರು. ಅವ್ವನೂ ಮದುವೆಗೆ ಬಂದಿದ್ದ ತಂಗಿಯೂ ನನ್ನ ನೌಕರಿಯ ದಾರಿ ಕಾಯುತ್ತಿದ್ದರು. ಆದರೇನು, ಪರೀಕ್ಷಕರು ಅವ್ವನ ಒಡಹುಟ್ಟಿದ ಅಣ್ಣ, ನನ್ನ ಊಟ ವಸತಿ ಅವರ ಮನೆಯಲ್ಲೇ. ಭಯವೇಕೆ? ಭಿನ್ನರಾಶಿಯ ಭಾಗಾಕಾರ ಎತ್ತಿಕೊಂಡೆ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದೆ.

"ಭಾಗ ಮಾಡಿದ್ರೆ ಕಡಿಮೆ ಆಗ್ಬೇಕು. ಜಾಸ್ತಿ ಹೆಂಗಾತು ಸಾ?"

"ಭಿನ್ನರಾಶೀನ ತಿರುವಿ ಗುಣಿಸ್ಬೇಕು. ಅದು ನಿಯಮ."

"ಯಾಕೆ ತಿರುವಬೇಕು ಸಾ?"

"ನಿಯಮ ಐತೆ, ಅದಕ್ಕೆ."

"ಯಾರು ಮಾಡಿದ್ದು ಸಾ?"

ಹುಡುಗರು ಕಿಸಕ್ಕೆಂದರು. ನನಗೆ ಉರಿದುಹೋಯಿತು. "ನಿನ್ನ ತಲೆಗೆ ಹತ್ತಲ್ಲ ಬಿಡು, ಕುತ್ಕೋ" ಅಂದೆ. ಮಾವ ಕೂತರು. ಆಮೇಲೆ ಒಂದೂ ಪ್ರಶ್ನೆ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಸಂಜೆ ನೋಡಿದರೆ ಫೇಲು.

ಅವ್ವ ಅಣ್ಣನ ಜೊತೆ ಮಾತು ಬಿಟ್ಟಳು. ನೌಕರಿಯಿಲ್ಲದವನ ತಂಗಿ ಬೇಡವೆಂದು ನ್ಯಾಮತಿಯ ಸಂಬಂಧದವರು ಹಿಂದೆ ಸರಿದರು. ಕತ್ತಲಗೆರೆಯ ನೆಂಟರು "ಸೋದರಮಾವ ಅಂದ್ರೆ ಹಿಂಗಿರ್ಬೇಕು ನೋಡ್ರಿ" ಎಂದು ಆಡಿಕೊಂಡರು. ಬೇರೆ ದಾರಿಯಿಲ್ಲದೆ ನಾನು ಇನ್ನೊಂದು ವರ್ಷ ಅದೇ ಮನೆಯಲ್ಲಿ ಅದೇ ಮನುಷ್ಯನ ಎದುರು ಕೂತು ಉಂಡೆ. ಅನ್ನ ಅವರದು, ಕೋಪ ನನ್ನದು.

ಸುಗ್ಗಿ ಮುಗಿದ ಮೇಲೆ ಮಾವನ ಒಬ್ಬನೇ ಮಗ, ನನ್ನ ಭಾವ, ಗೋವಿನಕೋವಿಯಿಂದ ಗಾಡಿಯಲ್ಲಿ ಭತ್ತ ತಂದ. ಅಲ್ಲಿ ಮನೆಅಳಿಯನಾಗಿದ್ದು ಬೇಸಾಯ ಮಾಡುತ್ತಿದ್ದ. ಚೀಲ ಇಳಿಸಿ ಜಗಲಿಯ ತುದಿಯಲ್ಲಿ ಕೂತ.

"ಬೆಳೆ ಹೆಂಗೈತೆ?" ಮಾವ ಕೇಳಿದರು.

"ಐತೆ."

"ಮಕ್ಕಳು?"

"ಅದಾವೆ."

ಅಷ್ಟೇ. ನೀರು ಕುಡಿದು ಗಾಡಿ ಹೂಡಿಕೊಂಡು ಹೋದ. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಹೊಟ್ಟೆಯಲ್ಲಿದ್ದ ವಿಷ ಕಾರಿದೆ. "ಅಪ್ಪನೂ ಹಂಗೆ, ಮಗನೂ ಹಂಗೆ. ಒಂದು ಮಾತಂದಿದ್ದಕ್ಕೆ ನನ್ನ ವರ್ಷಾನೇ ಮಣ್ಣು ಮಾಡಿದ್ರಲ್ಲ ಅತ್ತೆ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಅವನು ಹಿಂಗಿರ್ಲಿಲ್ಲ ಕಣಪ್ಪ. ಸ್ಕೂಲಿಗೆ ಹೋಗೋವಾಗ ಕೇಳಿದ್ದೇ ಕೇಳಿದ್ದು. ಬುಟ್ಟಿ ತೆಗೆದು ಎಣಿಸಬಾರದಾ ಅಪ್ಪಾಜಿ, ಭಾಗ ಮಾಡಿದ್ರೆ ಜಾಸ್ತಿ ಹೆಂಗಾತು ಅಪ್ಪಾಜಿ. ಒಂದಿನ ನಿಮ್ಮ ಮಾವ ರೇಗಿ, 'ನಿನ್ನ ತಲೆಗೆ ಹತ್ತಲ್ಲ ಬಿಡು, ಕುತ್ಕೋ' ಅಂದ್ರು. ಕುತ್ಕಂಡ. ಅವತ್ತಿಂದ ಅವರನ್ನ ಏನೂ ಕೇಳಿಲ್ಲ. ಚೆನ್ನಾಗಿದೀಯಾ ಅಂತಾನೂ ಕೇಳಿಲ್ಲ."

ಕೇಳಿದ ಮೇಲೆ ನನ್ನ ಕೋಪ ಇಳಿಯಿತೇ? ಇಲ್ಲ, ಇನ್ನೂ ಏರಿತು. ತಮ್ಮ ಮಗನಿಗೆ ತಾವು ಮಾಡಿದ ಅನ್ಯಾಯಕ್ಕೆ ನನ್ನ ತಂಗಿಯ ಮದುವೆ ಯಾಕೆ ಮುರಿಯಬೇಕು? ಮಗನ ಕಾಲು ಹಿಡಿಯಲಾಗದೆ ಹಿಂದಿನ ಬೆಂಚಿನಲ್ಲಿ ಕೂತು ಊರವರ ಮಕ್ಕಳನ್ನು ಫೇಲು ಮಾಡುವುದು ಯಾವ ಸೀಮೆಯ ಪ್ರಾಯಶ್ಚಿತ್ತ?

ವರ್ಷ ಕಳೆದು ನನ್ನ ಸರದಿ ಮತ್ತೆ ಬಂತು. ಹಟಕ್ಕೆ ಅದೇ ಪಾಠ ತೆಗೆದುಕೊಂಡೆ. ಅತ್ತೆಯ ಹತ್ತಿರ ಮೂರು ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋಗಿದ್ದೆ. "ಜಾಸ್ತಿ ಹೆಂಗಾತು ಸಾ?" ಎಂದು ಹಿಂದಿನ ಬೆಂಚು ಕೇಳಿತು. ಮಾವನನ್ನೇ ಮುಂದೆ ಕರೆದು ರೊಟ್ಟಿ ಕೈಗೆ ಕೊಟ್ಟೆ. "ಒಬ್ಬೊಬ್ಬರಿಗೆ ಅರ್ಧರ್ಧ ಮುರಿದು ಕೊಡು. ಎಷ್ಟು ಜನಕ್ಕೆ ಬರ್ತೈತೆ ನೋಡಾಣ." ಅವರು ಮುರಿದು ಕೊಡುತ್ತ ಹೋದರು. "ಆರು ಸಾ!" ಎಂದು ಹುಡುಗರೇ ಕೂಗಿದರು. ಮೂರರೊಳಗೆ ಅರ್ಧಗಳು ಎಷ್ಟಿವೆ ಅನ್ನುವುದೇ ಆ ಭಾಗಾಕಾರ ಎಂದು ಎಲ್ಲರಿಗೂ ತಿಳಿದಿತ್ತು. ನನಗೂ ಸರಿಯಾಗಿ ತಿಳಿದದ್ದು ಆವತ್ತೇ.

ಪಾಸು ಖಾತ್ರಿಯಾಗಿತ್ತು. ಮಾವ ಮಾತ್ರ ಜಾಗಕ್ಕೆ ಹೋಗದೆ ರೊಟ್ಟಿ ಕಟ್ಟಿದ್ದ ಬರಿಯ ಬಟ್ಟೆ ಹಿಡಿದು ನಿಂತೇ ಇದ್ದರು. ಸಣ್ಣ ದನಿಯಲ್ಲಿ ಕೇಳಿದರು. "ಇನ್ನೊಂದು ಕೇಳ್ಲಾ ಸಾ? ಬೈಯಲ್ವಲ್ಲ?"

ನಾನು ಹೇಳಬೇಕೆಂದಿದ್ದ ಕಟುವಾದ ಮಾತುಗಳು ಎಷ್ಟೋ ಇದ್ದವು. ಬಾಯಿಂದ ಬಂದದ್ದು ಬೇರೆ. "ಕೇಳಪ್ಪ. ಎಷ್ಟು ಬೇಕಾದ್ರೂ ಕೇಳು."

ಅವರು ಹಿಂದಿನ ಬೆಂಚಿಗೆ ಹೋಗಿ ಕೂತು ರುಮಾಲಿನ ಸೆರಗಿನಿಂದ ಮುಖ ಮುಚ್ಚಿಕೊಂಡರು. ಇದೂ ಆಟವೆಂದು ಹುಡುಗರು ನಕ್ಕರು, ಆಮೇಲೆ ನಗು ತಾನೇ ನಿಂತಿತು. ನಾನು ಬೋರ್ಡು ಬಿಟ್ಟು ಹೋಗಿ ಅವರ ಪಕ್ಕದಲ್ಲಿ ಕೂತೆ. ನನ್ನ ಮೊಣಕಾಲೂ ಆ ಡೆಸ್ಕಿನ ಕೆಳಗೆ ಹಿಡಿಸಲಿಲ್ಲ.