ಅತ್ತೆಯ ಕಾಲಿಗೆ ಬೆಚ್ಚನೆ ನೆಲ

ನಮ್ಮನೆಯವರ ಹತ್ತಿರ ಯಾರೂ ಕಷ್ಟ ಹೇಳಿಕೊಳ್ಳಬಾರದು. ಅವರಿಗೆ ಸಮಾಧಾನ ಹೇಳುವುದಕ್ಕೆ ಬರುವುದಿಲ್ಲ, ರಿಪೇರಿಗೆ ಹೊರಡುತ್ತಾರೆ. ಹಾಗಾಗಿ ಅಮೆರಿಕದ ಸನ್ನಿವೇಲ್‌ನ ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಕಳೆದ ಚಳಿಗಾಲದ್ದನ್ನು ನೆನೆದರೆ ಮಾತ್ರ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಕಾಲುಚೀಲ

ಮೈಸೂರಿನಿಂದ ಅತ್ತೆ ಬಂದಿದ್ದರು. ಒಂದು ಬೆಳಿಗ್ಗೆ ಕಾಫಿ ಸೋಸುತ್ತಾ, ಅಡುಗೆಮನೆ ನೆಲ ಐಸಿನ ಹಾಗಿದೆ, ಕಾಲು ಮರಗಟ್ಟುತ್ತದೆ ಅಂದರು. ನಾನು ಹೂಂ ಅಂದೆ. ಇವರು ಲ್ಯಾಪ್‌ಟಾಪು ತೆಗೆದರು. ಆ ವೀಕೆಂಡಿಗೇ ಟೈಲ್ಸು, ಅದನ್ನು ಕೂರಿಸುವ ಅಂಟು, ನೆಲದಡಿ ಹಾಸುವ ಹೀಟಿಂಗ್ ವೈರಿನ ಚಾಪೆ ಎಲ್ಲ ಬಂದು ಬಿದ್ದವು. ಒಲೆಯೂ ಫ್ರಿಜ್ಜೂ ಗ್ಯಾರೇಜಿಗೆ ಹೋದವು. ಇವರು ಮಂಡಿಯೂರಿ ಹಳೇ ನೆಲ ಕೀಳತೊಡಗಿದರು.

ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಉಣ್ಣೆಯ ಕಾಲುಚೀಲವನ್ನು ಮೊಮ್ಮಗಳು ಹಾಕಿಕೊಂಡಿದ್ದಳಂತೆ. ಅದನ್ನು ಯಾರಾದರೂ ವಾಪಸ್ ಕೊಡಿಸಲಿ ಅಂತ ಹಾಗೆ ಹೇಳಿದ್ದಂತೆ. ನಾನು ಓಡಿಹೋಗಿ ಇವರಿಗೆ ಹೇಳುವಷ್ಟರಲ್ಲಿ ಅರ್ಧ ನೆಲ ಎದ್ದುಹೋಗಿತ್ತು.

ಕರೆಂಟು

ವೈರಿನ ಚಾಪೆ ಹಾಸಿದ ದಿನ ಅತ್ತೆ ಇಣುಕಿ ನೋಡಿದರು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ ಅಂತ ಮಕ್ಕಳನ್ನು ಗದರಿಕೊಂಡೇ ಬೆಳೆಸಿದವರು ಅವರು. ಈಗ ಮಗ ಕರೆಂಟನ್ನೇ ನೆಲಕ್ಕೆ ಹಾಸುತ್ತಿದ್ದಾನೆ. ಏನೂ ಆಗುವುದಿಲ್ಲ, ಹೆಚ್ಚುಕಮ್ಮಿಯಾದರೆ ತಾನೇ ಆಫ್ ಆಗುತ್ತದೆ ಅಂತ ಇವರು ಮೀಟಿಂಗಿನಲ್ಲಿ ವಿವರಿಸುವ ಹಾಗೆ ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ದೇವರ ಮನೆಯ ಮಣೆ ಎಲ್ಲಿದೆ ಅಂತ ನನ್ನನ್ನು ಕೇಳಿದರು. ಒಲೆ ಒಳಗೆ ಬಂದ ಮೇಲೆ ಮಣೆಯ ಮೇಲೆ ನಿಂತೇ ಅಡುಗೆ ಮಾಡುತ್ತಾರಂತೆ, ಮರದಲ್ಲಿ ಕರೆಂಟು ಹರಿಯುವುದಿಲ್ಲವಲ್ಲ.

ಕಾಲು ಬೆಚ್ಚಗಿರಲಿ ಅಂತ ನೆಲ. ಕಾಲಿಗೆ ನೆಲ ತಾಗದಿರಲಿ ಅಂತ ಮಣೆ.

ಬಾಗಿಲು

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲ ಚೌಕಟ್ಟಿನ ತನಕ ಟೈಲ್ಸು ಬಂತು. ಚೌಕಟ್ಟಿನ ಬುಡ ಒಂದಿಷ್ಟು ಕೊಯ್ದು, ಟೈಲ್ಸನ್ನು ಅದರಡಿಗೆ ತೂರಿಸಬೇಕಂತೆ. ಇವರು ಎಷ್ಟು ನಾಜೂಕಾಗಿ ಕೊಯ್ದರೆಂದರೆ, ಸಂದಿಯಲ್ಲಿ ಒಂದು ಕಾಗದವೂ ತೂರುತ್ತಿರಲಿಲ್ಲ. ನಮ್ಮನ್ನೆಲ್ಲ ಕರೆದು ತೋರಿಸಿದರು. ಅಂಟು ಗಟ್ಟಿಯಾದ ಮೇಲೆ ಬಾಗಿಲು ಎಳೆದರೆ ಬರಲೇ ಇಲ್ಲ. ಚಾಪೆ, ಅಂಟು, ಟೈಲ್ಸು ಸೇರಿ ನೆಲ ಮೇಲೆದ್ದಿತ್ತು. ಚೌಕಟ್ಟಿನ ಲೆಕ್ಕ ಹಾಕಿದವರು ಬಾಗಿಲನ್ನೇ ಮರೆತಿದ್ದರು. ಅದನ್ನು ಕಳಚಿ ತಳ ಹೆರೆಯೋಣ ಅನ್ನುವಷ್ಟರಲ್ಲಿ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸು ಬಂತು, ಇವರಿಗೆ ಹಗಲೂ ರಾತ್ರಿ ಅದೇ ಕೆಲಸ. ಬಾಗಿಲು ಹಾಗೇ ಉಳಿಯಿತು.

ಅಡುಗೆ ಗ್ಯಾರೇಜಿನಲ್ಲಿ, ಊಟ ಮನೆಯೊಳಗೆ. ಅತ್ತೆ ಸಾರಿನ ಪಾತ್ರೆ ಹಿಡಿದು ಹೊರಗಿನಿಂದ ಸುತ್ತಿ ಮುಂಬಾಗಿಲಿಗೆ ಬರಬೇಕು. ಪಕ್ಕದ ಮನೆಯ ಅಮೆರಿಕನ್ ತಾತ ಲಾನಿನಲ್ಲಿ ನಿಂತು, ಘಮ ಚೆನ್ನಾಗಿದೆ ಅಂತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅತ್ತೆಗೆ ಇಂಗ್ಲಿಷ್ ಬಾರದು. ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಪಾತ್ರೆಯನ್ನೇ ಕೊಟ್ಟು ಬಂದರು. ಮಾರನೇ ದಿನ ಅದು ತೊಳೆಸಿಕೊಂಡು, ನಿಂಬೆಹಣ್ಣು ತುಂಬಿಕೊಂಡು ವಾಪಸ್ ಬಂತು. ಆಮೇಲೆ ದಿನಾ ಮಧ್ಯಾಹ್ನ ಇಬ್ಬರೂ ಬೇಲಿಯ ಹತ್ತಿರ ನಿಂತು, ಅತ್ತೆ ಕನ್ನಡದಲ್ಲಿ, ತಾತ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

ಆ ಚಳಿಗಾಲದಲ್ಲಿ ಅತ್ತೆಯ ಜೊತೆ ಪುರುಸೊತ್ತಾಗಿ ಮಾತಾಡಿದ್ದು ಅವರೊಬ್ಬರೇ. ಏನು ಮಾತಾಡಿದರು ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿಲ್ಲ.

ಫೋನು

ಅಂತೂ ಬಾಗಿಲು ತೆರೆಯಿತು, ಒಲೆ ಒಳಗೆ ಬಂತು. ಆದರೆ ಅಂಟು ಪೂರ್ತಿ ಒಣಗುವ ತನಕ ಹೀಟಿಂಗ್ ಹಾಕಲೇಬಾರದಂತೆ. ಅಷ್ಟರಲ್ಲಿ ಅತ್ತೆ ಹೊರಡುವ ದಿನ ಬಂತು. ಟಿಕೆಟ್ಟು ಮುಂದಕ್ಕೆ ಹಾಕೋಣ ಅಂತ ಇವರು ಬೇಡಿಕೊಂಡರು. ಮೈಸೂರಿನಲ್ಲಿ ದೊಡ್ಡ ಮೊಮ್ಮಗಳ ಸೀಮಂತ, ಇರುವ ಹಾಗಿರಲಿಲ್ಲ. ಅತ್ತೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಇವರು ಅಡುಗೆಮನೆಯಲ್ಲಿ ನಿಂತುಬಿಟ್ಟರು. ನಾನು ಕಾಫಿ ಕೊಟ್ಟೆ, ಅದು ಆರಿಹೋಯಿತು.

ಮುಂದಿನ ವಾರ ಸ್ವಿಚ್ಚು ಹಾಕಿದೆವು. ನೆಲ ಹದವಾಗಿ ಬೆಚ್ಚಗಾಯಿತು. ನಾವಿಬ್ಬರೂ ಮಗಳೂ ಬರಿಗಾಲಲ್ಲಿ ನಿಂತೆವು. ಇವರು ಅತ್ತೆಗೆ ವಿಡಿಯೋ ಕಾಲ್ ಮಾಡಿದರು. ಮಗಳು, "ಅಜ್ಜಿ ಶುಡ್ ಫೀಲ್ ಇಟ್" ಅಂತ ಫೋನು ಕಿತ್ತುಕೊಂಡು ನೆಲದ ಮೇಲೆ ಅಂಗಾತ ಇಟ್ಟಳು. ಅತ್ತೆಗೆ ಬರೀ ಸೀಲಿಂಗು ಕಂಡಿರಬೇಕು. ಇವರು ಮಂಡಿಯೂರಿ ಫೋನಿನ ಮೇಲೆ ಬಗ್ಗಿದರು.

"ಅಮ್ಮ, ಕಾಣಿಸ್ತಿದೀನಾ?"

ಅತ್ತೆ ಒಂದು ಗಳಿಗೆ ನೋಡಿದರು.

"ಕಾಣಿಸ್ತಿದೀಯ ಕಣೋ. ಅಲ್ಲಿದ್ದಷ್ಟು ದಿನ ನಿನ್ನ ಬೆನ್ನೇ ನೋಡಿದ್ದು. ಮುಖ ಈಗ ಕಾಣಿಸ್ತು."