ಇಪ್ಪತ್ತಾರು ಜೀವಿಗಳು, ಒಬ್ಬ ಡ್ರಾಯಿಂಗ್ ಮಾಸ್ತರ

ಆಕಳಿನ ಚಿತ್ರ ತೆಗೆದರೆ ಯಾರೂ ತಿರುಗಿ ನೋಡುವುದಿಲ್ಲ. ಯಾರೂ ಕಂಡಿರದ ಪ್ರಾಣಿಯ ಚಿತ್ರ ತೆಗೆಯಿರಿ, ದಾರಿಯಲ್ಲಿ ಹೋಗುವವರೆಲ್ಲ ನಿಂತು ತಪ್ಪು ತೋರಿಸುತ್ತಾರೆ. ಎರಡು ವರ್ಷ ನನ್ನ ಪಾಡು ಇದೇ ಆಗಿತ್ತು.

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ನನಗೆ ವಿಜ್ಞಾನ ಕಲಿಸಿದ ಸರ್ ನಿವೃತ್ತರಾಗಿ ಹಾವೇರಿಯಲ್ಲಿದ್ದಾರೆ. ಬೇರೆ ಬೇರೆ ಗ್ರಹಗಳ ಜೀವಿಗಳ ಮೇಲೆ ಅವರು ಏಳು ಕಾದಂಬರಿ ಬರೆದಿದ್ದಾರೆ. ಒಂದರ ಕಥೆ ಇನ್ನೊಂದರಲ್ಲಿ ಮುಂದುವರಿಯುತ್ತದೆ. ಯಾವ ಜೀವಿಗೆ ಎಷ್ಟು ಕಾಲು ಎಂಬುದು ಓದುಗರಿಗಿರಲಿ, ಬರಬರುತ್ತ ಸರ್‌ಗೇ ಮರೆಯತೊಡಗಿತು. ಹೀಗಾಗಿ ಒಂದು ಕೈಪಿಡಿ ಮಾಡುವುದೆಂದಾಯಿತು. ಇಪ್ಪತ್ತಾರು ಜೀವಿಗಳು, ಒಂದೊಂದಕ್ಕೂ ಒಂದು ಚಿತ್ರ, ಪಕ್ಕದಲ್ಲಿ ಅದರ ಎತ್ತರ, ಆಹಾರ, ಸ್ವಭಾವ. ಚಿತ್ರದ ಕೆಲಸ ನನ್ನ ಪಾಲಿಗೆ ಬಂತು.

ತೊಡಕು ಒಂದೇ. ಸರ್‌ಗೆ ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಇಳಿಯುವ ತನಕ ಆಪರೇಷನ್ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಚಿತ್ರ ತೆಗೆದುಕೊಂಡು ಹೋಗಿ ಬಾಯಿಂದ ವರ್ಣಿಸಬೇಕು, ಅವರು ಕೇಳಿ ಒಪ್ಪಬೇಕು. “ಮೂವತ್ತು ವರ್ಷ ಇವನ್ನ ತಲ್ಯಾಗ ಸಾಕೇನಿ. ಒಮ್ಮೆ ಕಣ್ಣಿಲೆ ನೋಡಿಬಿಟ್ರ ಸಾಕು ನೋಡಪಾ,” ಎನ್ನುತ್ತಿದ್ದರು. ಆ ಮಾತು ಕೇಳಿ ಬಂದ ದಿನ ನನಗೆ ಪೆನ್ಸಿಲ್ ಹಿಡಿಯಲು ಹೆದರಿಕೆಯಾಗುತ್ತಿತ್ತು.

೧. ಹೋದ ವರ್ಷದ ಮಾಲು

ಒಂದು ಜೀವಿಯ ಚರ್ಮ ಕೆಂಪಗೆ, ಸುಕ್ಕುಸುಕ್ಕಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತದೆ ಎಂದು ಸರ್ ಬರೆದಿದ್ದರು. ಅಂಥದ್ದನ್ನು ನೋಡಲು ಬೇರೆ ಗ್ರಹಕ್ಕೇಕೆ ಹೋಗಬೇಕು, ಬ್ಯಾಡಗಿಗೆ ಹೋದೆ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ರಾಶಿಯ ಪಕ್ಕ ಕೂತು ಕೆಲಸ ಶುರುಮಾಡಿದೆ. ಮೊದಲ ಅರ್ಧ ತಾಸು ನಾನು ಎಳೆದ ಗೆರೆಗಿಂತ ಸೀನಿದ್ದೇ ಹೆಚ್ಚು. ತೊಟ್ಟು ಬಿಡಿಸುತ್ತಿದ್ದ ಹೆಂಗಸೊಬ್ಬಳು ಮರುಕದಿಂದ, “ಮೂಗಿಗೆ ಟವೆಲ್ ಕಟ್ಕೋರಿ ಸರ್, ಇಲ್ಲಾಂದ್ರ ಚಿತ್ರ ತೊಯ್ತೈತಿ,” ಅಂದಳು.

ಅಷ್ಟರಲ್ಲಿ ದಲ್ಲಾಳಿಯೊಬ್ಬರು ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಆ ಎರಡು ಕಾಲಿನ ಜೀವಿಯನ್ನು ಬಹಳ ಹೊತ್ತು ನೋಡಿದರು. ಅದೇನು, ಯಾಕೆ ತೆಗೆಯುತ್ತೀರಿ, ಒಂದೂ ಕೇಳಲಿಲ್ಲ. “ಸುಕ್ಕು ಚಲೋ ಬಂದಾವು. ಆದ್ರ ಇದು ಹ್ವಾದ ವರ್ಷದ ಮಾಲು. ಕೋಲ್ಡ್ ಸ್ಟೋರೇಜಿಂದ ತಗದಂಗ ಐತಿ,” ಎಂದು ಹೇಳಿ ಹೊರಟುಹೋದರು.

ನನಗೆ ಅವಮಾನವಾಯಿತು. ಹಾವೇರಿಗೆ ಹೋಗಿ ಸರ್ ಮುಂದೆ ದೂರು ಹೇಳಿದೆ. ಸರ್ ತೊಡೆ ತಟ್ಟಿಕೊಂಡು ನಕ್ಕರು. “ಅದು ಮುನ್ನೂರು ವರ್ಷ ಹಿಮದಾಗ ಮಲಗಿ ಎದ್ದ ಜೀವಿ ಅಂತ ನಾ ಬರದೇನಿ. ಏಳೂ ಪುಸ್ತಕ ಓದಿದವರಿಗೆ ಅದು ನೆನಪಿಲ್ಲ. ಅಂವಾ ನಿಂತ ಕಾಲಮ್ಯಾಲ ಹೇಳಿದ ನೋಡು.”

೨. ಬಿಸಿಲು ಉಣ್ಣುವವರು

ಒಂದು ದಿನ ಹಾವೇರಿ ಬಸ್ಸಿನಲ್ಲಿ ಫೈಲು ಬಿಚ್ಚಿ, ಆರು ಕೈಗಳ ಜೀವಿಯೊಂದನ್ನು ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಕುಪ್ಪೇಲೂರಿನ ಒಬ್ಬ ಅಜ್ಜಿ. ಮಗಳ ಮನೆಗೆ ಹೊರಟಿದ್ದಳು.

“ಇವು ಯಾವೂರಾವಪಾ?” ಎಂದು ಕೇಳಿದಳು.

“ಭಾಳ ದೂರದಾವು, ಅಜ್ಜಿ. ಬ್ಯಾರೆ ಗ್ರಹ. ನಮ್ಮ ಸರ್ ಪುಸ್ತಕದಾಗ ಬರದಾರ.”

“ಏನ ಉಣ್ತಾವು?”

“ಬಿಸಲು. ಮೈಮ್ಯಾಲ ಬಿಸಲು ಬಿದ್ರ ಸಾಕು, ಹೊಟ್ಟಿ ತುಂಬತೈತಿ.”

ಅಜ್ಜಿಯ ಮುಖ ಸಪ್ಪಗಾಯಿತು. “ಬರೇ ಬಿಸಲಾ? ಜೋಡಿಗೆ ಏನೂ ಇಲ್ಲಾ?” ಇಲ್ಲವೆಂದೆ. ಬಗ್ಗಿ ಕಿಟಕಿಯಾಚೆಯ ಮೋಡ ನೋಡಿದಳು. ಆಮೇಲೆ, “ಮಳಿಗಾಲದಾಗ?” ಅಂದಳು.

ಮಳೆಗಾಲದ ಬಗ್ಗೆ ಸರ್ ಏನೂ ಬರೆದಿರಲಿಲ್ಲ. ಅಜ್ಜಿ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟಳು. “ನೀ ಉಣ್ಣು. ಅವಕ್ಕೂ ಏನರ ಉಣ್ಣಾಕ ಬರಿ ಅಂತ ಹೇಳು ನಿಮ್ಮ ಸರ್‌ಗ. ಆರು ಕೈ ಅದಾವು, ರೊಟ್ಟಿ ಬಡಿಯಾಕ ಬ್ಯಾಸರ ಮಾಡ್ಕೋಳಾಂಗಿಲ್ಲ.”

ಸರ್‌ಗೆ ಇದನ್ನು ಹೇಳಿದಾಗ ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. ಮೂವತ್ತು ವರ್ಷದಲ್ಲಿ ಮಳೆಗಾಲದ ಯೋಚನೆ ತಮಗೆ ಬರಲೇ ಇಲ್ಲವಲ್ಲ ಎಂದು ಅರ್ಧ ತಾಸು ಚಡಪಡಿಸಿದರು. ಕೊನೆಗೆ ನನ್ನಿಂದ ಒಂದು ಸಾಲು ಬರೆಸಿದರು. ಕೈಪಿಡಿಯಲ್ಲಿ ಈಗಲೂ ಹಾಗೇ ಇದೆ: “ಆಹಾರ: ಬಿಸಿಲು. ಮಳೆಗಾಲದಲ್ಲಿ ನೆರೆಹೊರೆಯವರು ಕೊಟ್ಟದ್ದು.”

೩. ಆಶೀರ್ವಾದವೇ ಉಡುಗೊರೆ

ಪುಟ ಜೋಡಿಸಿಕೊಡಲು ಒಪ್ಪಿದವರು ಹಾವೇರಿಯಲ್ಲಿ ವರ್ಷವಿಡೀ ಲಗ್ನಪತ್ರಿಕೆ ಮಾಡುವವರು. ಒಳ್ಳೆಯ ಮನುಷ್ಯ, ಕೈ ಬಹಳ ಚುರುಕು. ಆ ಕೈಯೇ ತೊಂದರೆ ಮಾಡಿತು. ಮೊದಲ ಪ್ರೂಫ್ ನೋಡಿದರೆ ಪ್ರತಿ ಪುಟದ ನೆತ್ತಿಯಲ್ಲಿ ದೇವರ ಹೆಸರು, ಎರಡೂ ಬದಿಗೆ ಬಾಳೆಕಂಬ, ಮೇಲೆ ಮಾವಿನ ತೋರಣ. ಗ್ರಹಗಳನ್ನೇ ನುಂಗುವ, ಎರಡು ತಲೆಯ ಜೀವಿಯ ಕೆಳಗೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ “ಆಶೀರ್ವಾದವೇ ಉಡುಗೊರೆ”.

ಇದೇನು ಮಾಡಿದಿರಿ ಎಂದೆ. “ಸೀಜನ್ ಅಲ್ರಿ ಸರ್, ಕೈ ತಾನ ಹಾಕಿಬಿಟ್ಟೈತಿ. ಎರಡು ಮಾರಿ ಇದ್ದೂವಲ್ಲ, ಗಂಡು ಹೆಣ್ಣು ಅಂತ ತಿಳಕೊಂಡೆ. ತೋರಣ ತಗೀತೇನ್ರಿ, ಬಾಳಿಕಂಬಾನೂ ತಗೀತೇನಿ. ದೇವರ ಹೆಸರು ತಗಿ ಅಂತ ಮಾತ್ರ ಹೇಳಬ್ಯಾಡ್ರಿ. ಇಂಥವರ ಮ್ಯಾಲ ಅದೊಂದರ ಇರಲಿ.”

ಸರ್ ಇದನ್ನೂ ಗಂಭೀರವಾಗಿ ಕೇಳಿಸಿಕೊಂಡರು. “ಕೆಳಗಿನ ಸಾಲು ತಗೀಬ್ಯಾಡ ಅಂತ ಹೇಳು. ಗ್ರಹಾನ ನುಂಗಾಂವ ಉಡುಗೊರಿ ತಗೊಂಡು ಏನ ಮಾಡ್ಯಾನು.”

೪. ಇಪ್ಪತ್ತಾರನೆಯದು

ಕೊನೆಯ ಜೀವಿ ಒಂದು ಗ್ರಹವನ್ನೇ ಆಳುತ್ತದೆ. ಆಯುಧವಿಲ್ಲ, ಸೈನ್ಯವಿಲ್ಲ. ಸುಮ್ಮನೆ ನೋಡುತ್ತದೆ, ಅಷ್ಟೇ. ಎದುರಿಗೆ ನಿಂತವರಿಗೆ ತಾವು ಯಾಕೆ ಬಂದೆವೆಂಬುದೇ ಮರೆತುಹೋಗುತ್ತದೆ. ಉಳಿದವುಗಳಿಗೆ ತಿಂಗಳುಗಟ್ಟಲೆ ಹೆಣಗಿದ್ದ ನಾನು ಇದನ್ನು ಒಂದೇ ಭಾನುವಾರ ಬೆಳಿಗ್ಗೆ ರಬ್ಬರ್ ಮುಟ್ಟದೆ ಮುಗಿಸಿದೆ. ನನ್ನ ಕೈಗೆ ನಾನೇ ಶಾಭಾಸ್ ಹೇಳಿಕೊಳ್ಳುವಷ್ಟರಲ್ಲಿ ಹೆಂಡತಿ ಚಹಾ ತಂದಳು.

“ನಿಮ್ಮ ಸರ್ ಚಿತ್ರ ಭಾಳ ಚಲೋ ಬಂದೈತ್ರಿ,” ಅಂದಳು. “ಆದ್ರ ಅವರಿಗೆ ಬಾಲ ಯಾಕ ಹಚ್ಚೀರಿ?”

ನೋಡಿದೆ. ಎಂಟನೇ ಇಯತ್ತೆಯಲ್ಲಿ ಹೋಂವರ್ಕ್ ಮಾಡದೆ ನಿಂತಾಗ ಕಂಡ ಮುಖ ನನ್ನ ಕೈಯಿಂದ ತಾನೇ ಇಳಿದುಬಂದಿತ್ತು. ಬೇರೆ ಹಾಳೆಯಲ್ಲಿ ಕೊಂಬು ಇಟ್ಟೆ, ಕೊಂಬಿರುವ ಸರ್ ಆದರು. ಹಸಿರು ಬಣ್ಣ ಬಳಿದೆ, ಹುಷಾರಿಲ್ಲದ ಸರ್ ಆದರು. ಮೂರನೆಯ ಕಣ್ಣು ಬರೆದೆ, ಆ ಕಣ್ಣೂ ಅವರದೇ. ಕೊನೆಗೆ ಎಲ್ಲ ಬಿಟ್ಟು ಮೊದಲಿನದನ್ನೇ ಅಚ್ಚಿಗೆ ಕೊಟ್ಟೆ.

ಸರ್‌ಗೆ ವರ್ಣಿಸುವಾಗ ಸುಳ್ಳು ಹೇಳಲಿಲ್ಲ. ಹಣೆ ಅಗಲ, ಹುಬ್ಬು ದಪ್ಪ, ನೋಟ ನೆಟ್ಟಗೆ ಎಂದೆ. ಯಾರ ಹಣೆ ಎಂದು ಹೇಳಲಿಲ್ಲ. “ಭೇಷ್. ಹಂಗ ಇರಬೇಕು,” ಎಂದು ಬೆನ್ನು ತಟ್ಟಿದರು. ಪುಸ್ತಕ ಬಂದ ವಾರವೇ ಅವರ ಸಕ್ಕರೆ ಇಳಿದು ಆಪರೇಷನ್ನಿಗೆ ದಿನ ಗೊತ್ತಾಯಿತು. ಇನ್ನೊಂದು ತಿಂಗಳು ಮುಂದೆ ಹೋಗಬಾರದೇ ಎಂದು ನನ್ನ ಮನಸ್ಸು ಬಯಸಿತು. ಹಾಗೆ ಬಯಸಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಹೆಂಡತಿ ಮಾತ್ರ ಸಮಾಧಾನ ಹೇಳಿದಳು: “ಹೆದರಬ್ಯಾಡ್ರಿ. ಬಾಲ ನೋಡಿ ಯಾರೋ ಬ್ಯಾರೆ ಅನ್ಕೋತಾರ.”

೫. ಪಟ್ಟಿ ಬಿಚ್ಚಿದ ದಿನ

ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರೇ ನನಗೆ ಫೋನು ಮಾಡಿಸಿದರು. ಮೊದಲು ಪುಸ್ತಕವನ್ನೇ ನೋಡಬೇಕೆಂದು, ನಾನು ಹೋಗುವ ತನಕ ಕಣ್ಣು ಮುಚ್ಚಿಕೊಂಡೇ ಕೂತಿದ್ದರಂತೆ. ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಬಾರದೆಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ ಕಣ್ಣಿನ ಹನಿಯ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಸರ್ ಒಂದೊಂದೇ ಪುಟ ತಿರುವಿದರು. ಒಂದೊಂದು ಜೀವಿಯನ್ನೂ ಹೆಸರು ಹಿಡಿದು ಮಾತಾಡಿಸಿದರು. ಮೆಣಸಿನಕಾಯಿ ಮೈಯವನಿಗೆ ಆರಾಮ ಇದ್ದೀಯಾ ಎಂದು ಕೇಳಿದರು. ನನಗೆ ಸಂತೋಷಪಡಲೂ ಪುರುಸೊತ್ತಿರಲಿಲ್ಲ, ಪುಟ ಎಣಿಸುತ್ತಿದ್ದೆ. ಇಪ್ಪತ್ತಾರನೆಯದು ಬಂತು. ಸರ್ ಪುಟವನ್ನು ಕಣ್ಣಿನ ಹತ್ತಿರ ತಂದುಕೊಂಡರು. ತಪ್ಪಾಯಿತು ಸರ್ ಎನ್ನಲು ಬಾಯಿ ತೆರೆದೆ. ಕೈ ಎತ್ತಿ ತಡೆದರು.

“ಇವರು ನಮ್ಮ ಅಪ್ಪಾರು,” ಅಂದರು.

ನಾನು ಬಗ್ಗಿ ಚಿತ್ರವನ್ನೇ ಇನ್ನೊಮ್ಮೆ ನೋಡಿದೆ.

“ನಾ ಸಣ್ಣಾಂವ ಇದ್ದಾಗ ಹಿಂಗ ನೋಡ್ತಿದ್ರು. ಇವರ ಎದರು ನಿಂತು ನನಗ ಬೇಕಾದ್ದು ಒಂದ ದಿನಾನೂ ಕೇಳಲಿಲ್ಲ. ಅವರನ್ನ ನೆನಸಿಕೊಂಡನ ಈ ಜೀವಿ ಬರದೆ, ಯಾರಿಗೂ ಹೇಳಿಲ್ಲ. ಮನ್ಯಾಗ ಒಂದು ಫೋಟೋ ಸೈತ ಇಲ್ಲ. ನೀ ಹೆಂಗ ತಗದಿ ತಮ್ಮಾ?” ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಬೈಸಿಕೊಳ್ಳಲು ತಯಾರಾಗಿ ಹೋದ ನನಗೂ ಬಂತು.

“ಅಳಬ್ಯಾಡ್ರಿ, ಹೊಸಾ ಕಣ್ಣು,” ಎಂದು ಗದರಿದ ಅವರ ಹೆಂಡತಿ ಪುಸ್ತಕದತ್ತ ಬಗ್ಗಿದರು. ಚಿತ್ರ ನೋಡಿದರು, ಗಂಡನನ್ನು ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. “ನಾಕು ವರ್ಷಾತು, ಇವರು ತಮ್ಮ ಮುಖ ಸರಿಯಾಗಿ ಕಂಡಿಲ್ಲ,” ಎನ್ನುತ್ತ ಒಳಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಕನ್ನಡಿ ತಂದು ಅವರ ಮುಂದೆ ಹಿಡಿದರು.

ಸರ್ ಬಹಳ ಹೊತ್ತು ನೋಡಿದರು. ಹುಬ್ಬು ಮುಟ್ಟಿ ನೋಡಿಕೊಂಡರು. ಆಮೇಲೆ ಹೆಗಲ ಮೇಲಿನ ಟವೆಲ್ ಮೆಲ್ಲಗೆ ಕೆಳಗಿಳಿಸಿ, ಕಾಲು ಮಡಚಿ, ನೆಟ್ಟಗೆ ಕೂತು ಕನ್ನಡಿಗೆ ಕೇಳಿದರು:

“ಅಪ್ಪಾರ, ಯಾವಾಗ ಬಂದ್ರಿ?”